ಎಣ್ಣೆಸ್ನಾನದ ದಿನವೇ ಹಾಲೊವೀನ್: ಅಮೆರಿಕದ ಸೇಲಂ ಕಡೆಗೊಂದು ಸುತ್ತಾಟ

2024ರ ಅಕ್ಟೋಬರ್ 31, ಗುರುವಾರ. ಅಮೆರಿಕದಲ್ಲಿರುವ ನಮ್ಮ ಪಂಚಾಂಗದ ಲೆಕ್ಕಕ್ಕೆ ಬೆಳಿಗ್ಗೆ ನರಕ ಚತುರ್ದಶಿ, ಸಂಜೆ ಲಕ್ಷ್ಮೀಪೂಜೆ. ಅಮೆರಿಕದವರ ಲೆಕ್ಕಕ್ಕೆ ದೆವ್ವ, ಮಾಟಗಾತಿಯರ ವೇಷ ಹಾಕುವ ಹಬ್ಬ ಹಾಲೊವೀನ್. ಸಾಗರದಿಂದ ಗಂಡನ ಅಮ್ಮ, ನನ್ನ ಅತ್ತೆ, ಬಂದಿದ್ದರು. ಎರಡನ್ನೂ ಒಟ್ಟಿಗೇ ತೋರಿಸೋಣ ಅಂತ ಬಾಸ್ಟನ್ ಹತ್ತಿರ ಇರುವ ನನ್ನ ಅಕ್ಕನ ಮನೆಗೆ ಹೊರಟೆವು. ನ್ಯೂಜೆರ್ಸಿಯಿಂದ ಐದು ಗಂಟೆಯ ದಾರಿ. ಕನೆಕ್ಟಿಕಟ್‌ನ ಟ್ರಾಫಿಕ್ ಬಗ್ಗೆ ಬರೆದು ಯಾರಿಗೂ ಉಪಯೋಗವಿಲ್ಲ, ಬಿಡಿ. ಹಬ್ಬಕ್ಕೆ ಮುಂಚಿನ ಭಾನುವಾರ ರಾತ್ರಿ ತಲುಪಿ, ಅಕ್ಕ ಮಾಡಿಟ್ಟಿದ್ದ ತಂಬುಳಿ ಅನ್ನ ಉಂಡು ಮಲಗಿದೆವು.

ಸೋಮವಾರ: ಕಾಂಕಾರ್ಡ್

ಬೆಳಿಗ್ಗೆ ನೋಡಿದರೆ ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅತ್ತೆ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಮಗನ ಹಳೇ ಜರ್ಕಿನ್, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ತಯಾರಾಗಿ ನಿಂತಿದ್ದರು. "ನಡೀರಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ" ಅಂದರು. ನಾವು ಕರೆದುಕೊಂಡು ಹೋಗಿದ್ದು ಸ್ಮಶಾನಕ್ಕೆ.

ಕಾಂಕಾರ್ಡ್‌ನ ಸ್ಲೀಪಿ ಹಾಲೊ ಸ್ಮಶಾನ ಅದು. ಆ ಹೆಸರು ಕೇಳಿದ ಕೂಡಲೇ ಅದೇ ಹೆಸರಿನ ದೆವ್ವದ ಕಥೆಯಲ್ಲಿ ಬರುವ, ಕುದುರೆ ಏರಿದ ತಲೆಯಿಲ್ಲದ ಸವಾರನನ್ನು ಹುಡುಕಬೇಡಿ. ಅವನ ಊರು ಬೇರೆ, ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಂಡೆಯಲ್ಲಿದೆ. ಇಲ್ಲಿರೋದು ಬರಹಗಾರರು. ಎಮರ್ಸನ್, ಥೋರೊ, ಹಾಥಾರ್ನ್, ಲೂಯಿಸಾ ಮೇ ಆಲ್ಕಾಟ್ ಎಲ್ಲರೂ ಒಂದೇ ದಿಬ್ಬದ ಮೇಲಿದ್ದಾರೆ. ಎಮರ್ಸನ್‌ಗೆ ಒರಟಾದ ದೊಡ್ಡ ಬಂಡೆ. ಥೋರೊಗೆ ಮೊಣಕಾಲಿನಷ್ಟೂ ಎತ್ತರವಿಲ್ಲದ ಬಿಳಿ ಕಲ್ಲು, ಅದರ ಮೇಲೆ 'ಹೆನ್ರಿ' ಅಂತ ಮಾತ್ರ. ಆ ಕಲ್ಲಿನ ಸುತ್ತ ಪೈನ್ ಎಲೆಗಳ ನಡುವೆ ಪೆನ್ಸಿಲ್‌ಗಳನ್ನು ನೆಟ್ಟಿದ್ದಾರೆ. ಹಳದಿಯವು, ಅರ್ಧ ಸವೆದವು, ತುದಿ ಕಚ್ಚಿದವು. ಥೋರೊ ಮನೆಯವರದ್ದು ಪೆನ್ಸಿಲ್ ತಯಾರಿಕೆಯ ಕಸುಬು, ಅದಕ್ಕೇ ಈ ಕಾಣಿಕೆ. ಅತ್ತೆ ತಮ್ಮ ಚೀಲದಿಂದ ಪದಬಂಧದ ಪೆನ್ಸಿಲ್ ತೆಗೆದು ಅಲ್ಲೇ ಒಂದು ಕಡೆ ಚುಚ್ಚಿದರು. ವಾಪಸ್ ಬರುವಾಗ "ಇನ್ನೊಂದು ತಗೋಬೇಕು, ಎಲ್ಲಾದ್ರೂ ಅಂಗಡಿ ಕಂಡ್ರೆ ನಿಲ್ಸು" ಅಂದರು.

ಅಲ್ಲಿಂದ ಥೋರೊ ಗುಡಿಸಲು ಕಟ್ಟಿಕೊಂಡು ಬದುಕಿದ್ದ ವಾಲ್ಡನ್ ಕೊಳ. ಹೋಗೋದಾದರೆ ಮ್ಯಾಸಚೂಸೆಟ್ಸ್ ನಂಬರಿನ ಕಾರಿನಲ್ಲೇ ಹೋಗಿ. ಪಾರ್ಕಿಂಗ್ ಅವರಿಗೆ 8 ಡಾಲರ್, ಹೊರರಾಜ್ಯದವರಿಗೆ 30. ಅಕ್ಕನ ಕಾರು ಇಸ್ಕೊಂಡು ಹೋಗಿದ್ದರಿಂದ ನಾವು ಬಚಾವ್. ಆ ವರ್ಷ ಮಳೆಯೇ ಇಲ್ಲದೆ ನೀರು ಕೆಳಗಿಳಿದಿತ್ತು, ದಡದಲ್ಲಿ ಮರಳು ಅಗಲವಾಗಿ ಕಾಣುತ್ತಿತ್ತು. ಒಬ್ಬರು ವಯಸ್ಸಾದ ಹೆಂಗಸು ಆ ಚಳಿಯಲ್ಲೂ ಈಜುತ್ತಿದ್ದರು. ಅತ್ತೆ ಅವರನ್ನೇ ನೋಡುತ್ತ ನಿಂತರು. ಥೋರೊನ ಗುಡಿಸಲು ಇದ್ದ ಜಾಗಕ್ಕಿಂತ ಅದೇ ಅವರಿಗೆ ದೊಡ್ಡ ವಿಷಯ.

ನನಗೆ ಮಾತ್ರ ಇಲ್ಲಿಯ ಐಸ್ ಕಥೆ ಇಷ್ಟ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನುವ ವ್ಯಾಪಾರಿ ಈ ಕಡೆಯ ಕೊಳಗಳ ಮಂಜುಗಡ್ಡೆ ಕೊಯ್ಸಿ, ಮರದ ಹೊಟ್ಟು ತುಂಬಿ, ಹಡಗಿನಲ್ಲಿ ಮಾರಾಟಕ್ಕೆ ಕಳಿಸುತ್ತಿದ್ದ. 1833ರಲ್ಲಿ ಮೊದಲ ಸಲ ಕಲ್ಕತ್ತಕ್ಕೆ 180 ಟನ್ ಕಳಿಸಿದಾಗ ನಾಲ್ಕು ತಿಂಗಳ ಸಮುದ್ರಯಾನ ಮುಗಿದ ಮೇಲೂ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿಗೂ ಹೋಗುತ್ತಿತ್ತು. ಅಲ್ಲಿಯ ಮರೀನಾ ಬೀಚ್ ಎದುರಿನ ಐಸ್ ಹೌಸ್ ಕಟ್ಟಿದ್ದೇ ಈ ಗಡ್ಡೆ ಇಡೋಕೆ. ವಾಲ್ಡನ್‌ನಲ್ಲಿ 1846–47ರ ಚಳಿಗಾಲದಲ್ಲಿ ಕೆಲಸದವರು ಗಡ್ಡೆ ಕೊಯ್ಯುವುದನ್ನು ಥೋರೊ ಕಣ್ಣಾರೆ ನೋಡಿದ್ದ. ತಾನು ಓದುತ್ತಿದ್ದ ಭಗವದ್ಗೀತೆಯನ್ನೂ, ಗಂಗೆಯ ನೀರನ್ನೂ, ಈ ಕೊಳವನ್ನೂ ಒಟ್ಟಿಗೆ ಸೇರಿಸಿ ಬರೆದ.

"ಐಸ್ ಹೌಸ್ ಅಂದ್ರೆ ಸ್ವಾಮೀಜಿ ಉಳ್ಕೊಂಡಿದ್ರಲ್ಲ, ಅದೇನಾ?" ಅಂತ ಅತ್ತೆ ಕೇಳಿದರು. ಹೌದು, ಅಮೆರಿಕದಿಂದ ಮರಳಿದ ಮೇಲೆ 1897ರಲ್ಲಿ ವಿವೇಕಾನಂದರು ತಂಗಿದ್ದು ಅಲ್ಲೇ. ಅತ್ತೆಯ ದೇವರ ಕೋಣೆಯಲ್ಲಿ ಅವರ ಪಟ ಇದೆ. ನಾಳೆಯ ದಾರಿ ಬದಲಾಗಿದ್ದು ಈ ಒಂದು ಪ್ರಶ್ನೆಯಿಂದ.

ಮಂಗಳವಾರ: ಕೇಪ್ ಆ್ಯನ್

ಬಾಸ್ಟನ್ನಿನ ಉತ್ತರಕ್ಕೆ ಸಮುದ್ರದೊಳಗೆ ಚಾಚಿಕೊಂಡ ಭೂಶಿರ ಕೇಪ್ ಆ್ಯನ್. ಗ್ಲಾಸ್ಟರ್, ರಾಕ್‌ಪೋರ್ಟ್ ಊರುಗಳು ಇಲ್ಲಿವೆ. ದಾರಿಯುದ್ದಕ್ಕೂ ಮೇಪಲ್ ಎಲೆ ಉದುರಿ ಓಕ್ ಮರಗಳು ಮಾತ್ರ ಕಂದು ಬಣ್ಣದಲ್ಲಿ ನಿಂತಿದ್ದವು. ಚುನಾವಣೆಗೆ ಒಂದೇ ವಾರ ಬಾಕಿ. ಪ್ರತಿ ಅಂಗಳದಲ್ಲೂ ಅಭ್ಯರ್ಥಿಗಳ ಬೋರ್ಡ್, ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಅಸ್ಥಿಪಂಜರ. ಒಂದು ಮನೆಯ ಅಸ್ಥಿಪಂಜರ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿತ್ತು.

ಪೇಪರ್ ಓದೋದು ಬಿಡಿ, ರಾಕ್‌ಪೋರ್ಟ್‌ನ ಪಿಜನ್ ಕೋವ್‌ನಲ್ಲಿ ಪೇಪರಿನಲ್ಲೇ ಕಟ್ಟಿದ ಮನೆ ಇದೆ. ಎಲಿಸ್ ಸ್ಟೆನ್‌ಮನ್ ಅಂತ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್, ಪೇಪರ್ ಕ್ಲಿಪ್ ಮಾಡುವ ಯಂತ್ರಗಳನ್ನು ವಿನ್ಯಾಸ ಮಾಡುತ್ತಿದ್ದವನು, 1922ರಲ್ಲಿ ಬೇಸಿಗೆಗೆ ಒಂದು ಮನೆ ಕಟ್ಟಿಕೊಳ್ಳಲು ಶುರು ಮಾಡಿದ. ಚೌಕಟ್ಟು, ಸೂರು ಮರದ್ದು. ಗೋಡೆಗೆ ಮಾತ್ರ ದಿನಪತ್ರಿಕೆ. ಒಂದರ ಮೇಲೊಂದು 215 ಹಾಳೆ ಅಂಟಿಸಿ, ಒತ್ತಿ, ವಾರ್ನಿಷ್ ಬಳಿದ. ಅಂಟು ಮನೆಯಲ್ಲೇ ಕಾಸಿದ್ದು: ಹಿಟ್ಟು, ನೀರು, ಸೇಬಿನ ಸಿಪ್ಪೆ. ಗೋಡೆಗೆ ಹೊರಗಿನಿಂದ ಹಲಗೆ ಹೊಡೆಸುವ ಯೋಚನೆ ಇತ್ತಂತೆ. ಮೊದಲ ಚಳಿಗಾಲವನ್ನು ಗೋಡೆ ಹಾಗೇ ತಡೆದುಕೊಂಡಿತು, ಹಲಗೆ ಬೇಡವಾಯಿತು. ಆಮೇಲೆ ಕುರ್ಚಿ, ಮೇಜು, ದೀಪದ ಕಂಬ ಎಲ್ಲಾ ಪೇಪರ್ ಸುರುಳಿಯಲ್ಲೇ ಮಾಡಿದ. ಒಟ್ಟು ಸುಮಾರು ಒಂದು ಲಕ್ಷ ಪತ್ರಿಕೆ. ಒಲೆ ಮಾತ್ರ ಇಟ್ಟಿಗೆಯದ್ದು, ಸದ್ಯ.

ಹತ್ತಿರ ಹೋಗಿ ನೋಡಬೇಕು. ದೂರದಿಂದ ಮರದ ಹಾಗೇ ಕಾಣುತ್ತದೆ. ಮೂಗು ತಾಗುವಷ್ಟು ಬಗ್ಗಿದರೆ ಕಂದು ವಾರ್ನಿಷ್ ಒಳಗಿಂದ ಅಕ್ಷರ ಮೇಲೆ ಬರುತ್ತದೆ. ಟೋಪಿ ಜಾಹೀರಾತು, ಯಾರದೋ ಮದುವೆ ಸುದ್ದಿ, ಹಡಗಿನ ವೇಳಾಪಟ್ಟಿ. ಒಂದು ಬರೆಯುವ ಮೇಜಿನ ತುಂಬಾ ಲಿಂಡ್‌ಬರ್ಗ್ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಸುದ್ದಿಯೇ. ಗೋಡೆಯ ಮೇಲ್ಪದರ ಅಲ್ಲಲ್ಲಿ ಸಿಪ್ಪೆಯೆದ್ದಿದೆ. ಹಾಗೆ ಎದ್ದಲ್ಲಿ ಕೆಳಗಿನ ಇನ್ನೊಂದು ಹಾಳೆ ಓದಬಹುದು. ಕಾವಲಿಗೆ ಯಾರೂ ಇಲ್ಲ. ಪ್ರವೇಶದ ಒಂದೆರಡು ಡಾಲರನ್ನು ನಾವೇ ಡಬ್ಬಿಗೆ ಹಾಕಬೇಕು, ಅದಕ್ಕೆ ಚಿಲ್ಲರೆ ನೋಟು ಇಟ್ಟುಕೊಂಡು ಹೋಗಿ. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ. "ಗೆದ್ದಲು ಹಿಡಿಯಲ್ವಾ?" ಅಂತ ಅತ್ತೆ ಮೂಲೆ ಮೂಲೆ ತಡಕಿದರು. ನಮ್ಮ ಮಲೆನಾಡಿನಲ್ಲಿ ಇದು ಒಂದು ಮಳೆಗಾಲ ಕೂಡ ತಡೆಯುತ್ತಿರಲಿಲ್ಲ ಅನ್ನೋದು ಅವರ ತೀರ್ಪು.

ಕಟ್ಟೆಯ ಮೇಲೆ ಕೂತು ಪುಳಿಯೋಗರೆ ತಿಂದು, ಫ್ಲಾಸ್ಕಿನ ಕಾಫಿ ಕುಡಿದು, ಡಾಗ್‌ಟೌನ್ ಕಾಡಿಗೆ ನಡೆದೆವು. ಇದು ಪಾಳುಬಿದ್ದ ಊರು. ಊರವರು ಒಬ್ಬೊಬ್ಬರಾಗಿ ಬಂದರಿನ ಕಡೆ ಹೋದ ಮೇಲೆ ಉಳಿದವರಲ್ಲಿ ಬಡ ವಿಧವೆಯರೇ ಜಾಸ್ತಿ. ಅವರು ನಾಯಿ ಸಾಕಿಕೊಂಡಿದ್ದರು, ಅದಕ್ಕೇ ಈ ಹೆಸರು ಅನ್ನುತ್ತಾರೆ. ಅವರಲ್ಲಿ ಕೆಲವರನ್ನು ಮಾಟಗಾತಿಯರು ಅಂತಲೂ ಕರೆದರು. ಇದನ್ನು ಹೇಳಿದಾಗ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಒಂಟಿ ಹೆಂಗಸು, ಊರಾಚೆ ಮನೆ, ಬಾಯಿ ಸ್ವಲ್ಪ ಜೋರು. ಇಷ್ಟಿದ್ರೆ ಆಯ್ತಲ್ಲ" ಅಂದರು. ಅವರ ತವರಿನ ಕೇರಿಯಲ್ಲೂ ಅಂಥವರೊಬ್ಬರು ಇದ್ದರಂತೆ. ಯಾರದೇ ಹಸು ಹಾಲು ಬತ್ತಿಸಿದರೂ ಅವರ ಕಣ್ಣು ಬಿತ್ತು ಅನ್ನುತ್ತಿದ್ದರಂತೆ. "ನಂಗೆ ಮಾತ್ರ ಯಾವಾಗ್ಲೂ ಪೇರಳೆಹಣ್ಣು ಕೊಡ್ತಿದ್ರು ಪಾಪ."

ಈಗ ಜನ ಇಲ್ಲಿಗೆ ಬರೋದು ಬಂಡೆ ಓದಲಿಕ್ಕೆ. ಗ್ಲಾಸ್ಟರ್‌ನವನೇ ಆದ ರೋಜರ್ ಬ್ಯಾಬ್ಸನ್ ಅನ್ನುವ ಹಣಕಾಸು ಪಂಡಿತ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಕಲ್ಲುಕುಟಿಗರಿಗೆ ಸಂಬಳ ಕೊಟ್ಟು, ಕಾಡಿನ ಬಂಡೆಗಳ ಮೇಲೆ ಹಿತವಚನ ಕೆತ್ತಿಸಿದ. ಸಾಲ ಮಾಡಬೇಡ. ಹೊತ್ತಿಗೆ ಸರಿಯಾಗಿ ಬಾ. ತಲೆ ಉಪಯೋಗಿಸು. ಕೆಲಸ ಇಲ್ಲದವರ ಕೈಯಲ್ಲೇ 'ಕೆಲಸ ಹುಡುಕಿಕೋ' ಅಂತ ಕೆತ್ತಿಸಿದ್ದಾನೆ, ಧೈರ್ಯ ನೋಡಿ. ಮುಂದೆ ಇದೇ ಮನುಷ್ಯ ಗುರುತ್ವಾಕರ್ಷಣೆಯ ಮೇಲೆ ಸಿಟ್ಟಾಗಿ ಅದನ್ನು ಸೋಲಿಸುವ ಸಂಶೋಧನೆಗೆ ಅಂತಲೇ ಒಂದು ಸಂಸ್ಥೆ ಕಟ್ಟಿದ.

'ಅಮ್ಮನಿಗೆ ನೆರವಾಗು' ಅನ್ನುವ ಬಂಡೆಯ ಅರ್ಥ ಹೇಳಿದ ಕೂಡಲೇ ಅತ್ತೆ ಮಗನನ್ನು ಅದರ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿದರು. ಅದು ಸಾಗರದ ಫ್ಯಾಮಿಲಿ ಗ್ರೂಪಿಗೆ ಹೋಗಿ, ಸಂಜೆಯವರೆಗೂ ಉತ್ತರ ಬರುತ್ತಲೇ ಇದ್ದವು. ಅಲ್ಲಿಂದ ಮುಂದೆ ದಾರಿ ತಪ್ಪಿತು. ಒಣಗಿದ ಓಕ್ ಎಲೆ ಪಾದ ಮುಳುಗುವಷ್ಟು ಬಿದ್ದು ಕಾಲುದಾರಿಯೇ ಕಾಣುತ್ತಿರಲಿಲ್ಲ. ಎಲೆ ಕೆಳಗೆ ಓಕ್ ಕಾಯಿಗಳು. ಗಂಡ ಎರಡು ಸಲ ಜಾರಿದ. ಫೋನಿಗೆ ಸಿಗ್ನಲ್ ಇಲ್ಲ. ನಾಯಿ ಜೊತೆ ಬಂದ ಒಬ್ಬ ತಾತ, ಸರಿಯಾಗಿ ಡಾಗ್‌ಟೌನ್‌ಗೆ ತಕ್ಕವರೇ, ನಮ್ಮನ್ನು ರಸ್ತೆಯ ತನಕ ಬಿಟ್ಟರು. ಕಾರು ಹತ್ತುವ ಮೊದಲು ಮೈಮೇಲೆ ಉಣುಗು ಇದೆಯಾ ನೋಡಿಕೊಳ್ಳಿ ಅಂತ ಎಚ್ಚರಿಸಿದ್ದೂ ಅವರೇ. ಇಲ್ಲಿಯ ಜಿಂಕೆ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಮಂಗನ ಕಾಯಿಲೆಯ ಸೀಮೆಯಿಂದ ಬಂದ ಅತ್ತೆಗೆ ಇದನ್ನು ವಿವರಿಸುವ ಅಗತ್ಯವೇ ಇರಲಿಲ್ಲ. ಎಲ್ಲರ ಕಾಲು, ಕುತ್ತಿಗೆ, ಕಿವಿ ಹಿಂದೆ ನೋಡಿ ಪಾಸ್ ಮಾಡಿದ ಮೇಲೆಯೇ ಕಾರು ಹೊರಟಿದ್ದು. ಹೋಗುವವರು ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿಕೊಳ್ಳಿ.

ಕತ್ತಲಾಗೋದಕ್ಕೆ ಸ್ವಲ್ಪ ಮುಂಚೆ ಆ್ಯನಿಸ್ಕ್ವಾಮ್ ಸೇರಿದೆವು. ಗ್ಲಾಸ್ಟರ್‌ಗೆ ಸೇರಿದ ಪುಟ್ಟ ಕಡಲತೀರದ ಹಳ್ಳಿ. ಹಾರ್ವರ್ಡ್‌ನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ರಜಕ್ಕೆ ಇಲ್ಲಿಗೆ ಬಂದಿದ್ದಾಗ ವಿವೇಕಾನಂದರನ್ನು ಕರೆಸಿಕೊಂಡರು. 1893ರ ಆಗಸ್ಟ್ 27ರ ಭಾನುವಾರ ಸ್ವಾಮೀಜಿ ಇಲ್ಲಿಯ ಚರ್ಚಿನಲ್ಲಿ ಮಾತಾಡಿದರು. ಶಿಕಾಗೊ ಭಾಷಣಕ್ಕೆ ಇನ್ನೂ ಎರಡು ವಾರ ಇತ್ತು. ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು. ಇಲ್ಲಿಗೆ ಬಂದಾಗ ಕೈಯಲ್ಲಿ ಹಣವಿಲ್ಲ, ಸರ್ವಧರ್ಮ ಸಮ್ಮೇಳನಕ್ಕೆ ಪರಿಚಯ ಪತ್ರವೂ ಇಲ್ಲ. ಅದನ್ನು ಕೊಡಿಸಿದವರು ರೈಟ್. ಬಿಳಿ ಬಣ್ಣದ ಚರ್ಚಿನ ಬಾಗಿಲು ಹಾಕಿತ್ತು. ಅತ್ತೆ ಚಪ್ಪಲಿ ಬಿಡುವ ಅಭ್ಯಾಸದಲ್ಲಿ ಶೂ ಲೇಸಿಗೆ ಕೈ ಹಾಕಿದರು, ಚಳಿ ನೆನಪಾಗಿ ಬಿಟ್ಟರು. ಮೆಟ್ಟಿಲ ಮೇಲೆ ಯಾರೋ ಕುಂಬಳಕಾಯಿ ಇಟ್ಟಿದ್ದರು.

ಬುಧವಾರ: ಸೇಲಂ

ಅಕ್ಟೋಬರಿನಲ್ಲಿ ಸೇಲಂಗೆ ಕಾರು ತಗೊಂಡು ಹೋಗಬಾರದು. ಒಂದೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಬರುವ ಊರು. ನಾವು ಬೆವರ್ಲಿ ರೈಲು ನಿಲ್ದಾಣದಲ್ಲಿ ಕಾರು ಬಿಟ್ಟು ರೈಲು ಹತ್ತಿದೆವು, ಸೇತುವೆ ದಾಟಿದರೆ ಮುಂದಿನ ನಿಲ್ದಾಣವೇ ಸೇಲಂ. ಬೋಗಿಯಲ್ಲಿ ಇಬ್ಬರು ಪಿಶಾಚಿಗಳು, ಒಬ್ಬ ಜೇನುನೊಣ, ಉದ್ದ ಟೋಪಿಯ ಲೆಕ್ಕವಿಲ್ಲದಷ್ಟು ಮಾಟಗಾತಿಯರು. ಟಿಕೆಟ್ ಕೇಳಲು ಬಂದವನ ಮುಖದಲ್ಲಿ ಒಂಚೂರೂ ನಗು ಇರಲಿಲ್ಲ. ತಿಂಗಳಿಡೀ ಇದನ್ನೇ ನೋಡುತ್ತಿದ್ದಾನಲ್ಲ.

ಊರಿನ ಕಥೆ ಎಲ್ಲರಿಗೂ ಗೊತ್ತಿರೋದೇ. 1692ರಲ್ಲಿ ಕೆಲವು ಹುಡುಗಿಯರಿಗೆ ವಿಚಿತ್ರ ನಡುಕ ಬಂತು. ಯಾರೋ ಮಾಟ ಮಾಡಿದ್ದಾರೆ ಅಂದರು. ಆರೋಪದ ಮೇಲೆ ಆರೋಪ. ಇಂಥವರ ಆಕೃತಿ ರಾತ್ರಿ ಬಂದು ನನ್ನನ್ನು ಹಿಂಸಿಸಿತು ಅಂತ ಹೇಳಿದರೆ ಕೋರ್ಟಿನಲ್ಲಿ ಅದೇ ಸಾಕ್ಷಿ. ಒಪ್ಪಿಕೊಂಡವರು ಉಳಿದರು, ನಾನು ಮಾಡಿಲ್ಲ ಅಂದವರು ಸತ್ತರು. 19 ಜನರಿಗೆ ಗಲ್ಲು, ಅವರಲ್ಲಿ 14 ಹೆಂಗಸರು. ಜೈಲಿನಲ್ಲೇ ಸತ್ತವರು ಬೇರೆ.

ಈಗ ಅದೇ ಊರಿನ ಪೊಲೀಸ್ ಕಾರಿನ ಮೇಲೆ ಪೊರಕೆ ಏರಿದ ಮಾಟಗಾತಿಯ ಚಿತ್ರ. ಹೈಸ್ಕೂಲ್ ಆಟಗಾರರ ತಂಡದ ಹೆಸರೂ ಮಾಟಗಾತಿಯರು. ಹಳೇ ಟಿವಿ ಧಾರಾವಾಹಿಯ ಮಾಟಗಾತಿ ನಾಯಕಿಗೆ 2005ರಲ್ಲಿ ಕಂಚಿನ ಪ್ರತಿಮೆ ಮಾಡಿ ನಿಲ್ಲಿಸಿದ್ದಾರೆ, ಅದರ ಜೊತೆ ಫೋಟೊಗೆ ಸಾಲು. ದೊಡ್ಡ ಟೋಪಿ, ಹಾರುವ ನಿಲುವಂಗಿಯ ಇನ್ನೊಂದು ಭಾರೀ ಪ್ರತಿಮೆ ಇದೆ. "ಇವನು ಮಂತ್ರವಾದಿಯಾ?" ಅಂತ ಅತ್ತೆ ಕೇಳಿದರು. ಬರುವವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಪಾಪ, ಅವನು ಈ ಊರು ಕಟ್ಟಿದ ರೋಜರ್ ಕಾನಂಟ್. ಮಾಟಕ್ಕೂ ಅವನಿಗೂ ಸಂಬಂಧವೇ ಇಲ್ಲ.

ಎಸೆಕ್ಸ್ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕಡೆ ಮೈಕ್ ಹಿಡಿದ ಧರ್ಮಪ್ರಚಾರಕ ನೀವೆಲ್ಲ ನರಕಕ್ಕೆ ಹೋಗ್ತೀರಿ ಅಂತ ಕೂಗುತ್ತಿದ್ದ, ಅವನ ಎದುರೇ ಕೊಂಬು ಇಟ್ಟುಕೊಂಡ ಸೈತಾನನೊಬ್ಬ ಜ್ಯೂಸ್ ಕುಡಿಯುತ್ತಿದ್ದ. ನಾವು ಆ್ಯಪಲ್ ಸೈಡರ್ ಡೋನಟ್ ತಗೊಂಡೆವು. ಬಿಸಿ, ಮೇಲೆ ದಾಲ್ಚಿನ್ನಿ ಸಕ್ಕರೆ. ಮೊಟ್ಟೆ ಹಾಕಿರುತ್ತಾರೆ ಅಂತ ಅತ್ತೆ ಬೇಡ ಅಂದು ಬರೀ ಸೈಡರ್, ಅಂದರೆ ಸೇಬಿನ ರಸ, ಕುಡಿದರು.

ಆಗಲೇ ಮುಖಕ್ಕೆ ತಲೆಬುರುಡೆ ಬಣ್ಣ ಬಳಿದುಕೊಂಡಿದ್ದ ಹುಡುಗಿಯೊಬ್ಬಳು ಅತ್ತೆಯ ಮುಂದೆ ನಿಂತಳು. "ನಿಮ್ಮ ವೇಷ ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರಿ?" ಅಕ್ಕ ಕನ್ನಡದಲ್ಲಿ ಹೇಳಿದಳು. ಅತ್ತೆ ಒಂದು ಕ್ಷಣ ತಮ್ಮ ಇಳಕಲ್ ಸೀರೆಯನ್ನೇ ನೋಡಿಕೊಂಡರು. "ಹುಬ್ಳಿ ಅಂಗಡೀದು ಅಂತ ಹೇಳೇ" ಅಂದರು. ಹುಡುಗಿ ಸೆರಗಿನ ಕೆಂಪು ಬಿಳಿ ನೇಯ್ಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಅತ್ತೆಯ ಜೊತೆ ಸೆಲ್ಫಿ ತಗೊಂಡು ಹೋದಳು. ಮಂಕಿ ಕ್ಯಾಪ್ ಕೂಡ ವೇಷದ ಭಾಗ ಅಂತಲೇ ಅವಳ ನಂಬಿಕೆ ಇದ್ದಿರಬೇಕು.

ನನಗೆ ತಕ್ಷಣ ನೆನಪಾಗಿದ್ದು ವಿವೇಕಾನಂದರ ಒಂದು ಪತ್ರ. ಅದೇ 1893ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನಿಂದ ಮದ್ರಾಸಿನ ಶಿಷ್ಯರಿಗೆ ಬರೆದದ್ದು. ಬೀದಿಗಿಳಿದರೆ ತಮ್ಮನ್ನು ನೋಡಲು ನೂರಾರು ಜನ ಸೇರುತ್ತಾರೆ, ಆದ್ದರಿಂದ ಉದ್ದನೆಯ ಕಪ್ಪು ಕೋಟು ಹೊಲಿಸಿಕೊಳ್ಳುತ್ತೇನೆ, ಕಾವಿ ಮತ್ತು ಪೇಟ ಭಾಷಣಕ್ಕಷ್ಟೇ ಅಂತ ಅದರಲ್ಲಿದೆ. ಅದಾಗಿ ಸ್ವಲ್ಪ ದಿನಕ್ಕೆ, ಆಗಸ್ಟ್ 28ರಂದು, ಅವರು ಸೇಲಂನ ವೆಸ್ಲಿ ಚರ್ಚಿನಲ್ಲಿ ಮಾತಾಡಿದರು. ಆ ಚರ್ಚ್ ಇರೋದು ನಾರ್ತ್ ಸ್ಟ್ರೀಟ್‌ನಲ್ಲಿ. ನಾವು ಹುಡುಕಿಕೊಂಡು ಹೋದರೆ, ಅದೇ ರಸ್ತೆಯ ಮೂಲೆಯಲ್ಲಿ ಕಪ್ಪು ಬಣ್ಣದ ಚೂಪು ಸೂರಿನ ಮನೆ ಎದುರಾಯಿತು. ಅದೇ ವಿಚ್ ಹೌಸ್. 1692ರ ವಿಚಾರಣೆ ನಡೆಸಿದ ನ್ಯಾಯಾಧೀಶರಲ್ಲಿ ಒಬ್ಬನಾದ ಜೊನಾಥನ್ ಕಾರ್ವಿನ್‌ನ ಮನೆ. ಆ ವಿಚಾರಣೆಗೆ ನೇರ ಸಂಬಂಧ ಇರುವ ಕಟ್ಟಡಗಳಲ್ಲಿ ಸೇಲಂನಲ್ಲಿ ಇನ್ನೂ ನಿಂತಿರೋದು ಇದೊಂದೇ. 1940ರ ದಶಕದಲ್ಲಿ ರಸ್ತೆ ಅಗಲ ಮಾಡುವಾಗ ಇಡೀ ಮನೆಯನ್ನೇ ಹಿಂದಕ್ಕೆ ಸರಿಸಿ ಉಳಿಸಿಕೊಂಡರು.

ಒಂದು ಕಡೆ ನೆರೆಮನೆಯ ಮುದುಕಿಯೇ ಪರಕೀಯಳಾಗಿ ಕಂಡವನ ಮನೆ. ಕೂಗಿದರೆ ಕೇಳುವಷ್ಟು ದೂರದಲ್ಲಿ, 201 ವರ್ಷದ ನಂತರ, ಪೇಟ ಸುತ್ತಿದ ಪರದೇಶಿ ಸನ್ಯಾಸಿಯ ಮಾತು ಕೇಳಲು ಊರವರು ಕೂತಿದ್ದ ಚರ್ಚ್. ಮಧ್ಯದ ಸಿಗ್ನಲ್‌ನಲ್ಲಿ ವೇಷದವರು ರಸ್ತೆ ದಾಟುತ್ತಿದ್ದರು. ನಾನು ಅಲ್ಲಿ ಜಾಸ್ತಿ ಹೊತ್ತು ನಿಂತೆ. ವಿಚ್ ಹೌಸ್ ಒಳಗೆ ಹೋಗಲು ಆನ್‌ಲೈನ್‌ನಲ್ಲಿ ಮೊದಲೇ ಸಮಯ ಕಾದಿರಿಸಬೇಕು. ನಮಗೆ ಸಿಗಲಿಲ್ಲ, ಬೇಜಾರೂ ಆಗಲಿಲ್ಲ.

ಸೇಲಂನಲ್ಲಿ ಒಂದೇ ಜಾಗ ನೋಡಲು ಸಮಯ ಇದ್ದರೆ ಮೇಣದ ಬೊಂಬೆಗಳ ಮ್ಯೂಸಿಯಂಗೆ ದುಡ್ಡು ಕೊಡಬೇಡಿ, ಚಾರ್ಟರ್ ಸ್ಟ್ರೀಟ್‌ನ ಹಳೇ ಸ್ಮಶಾನದ ಪಕ್ಕದ ಸ್ಮಾರಕಕ್ಕೆ ಹೋಗಿ. ದುಡ್ಡಿಲ್ಲ, ಸಾಲಿಲ್ಲ. 1992ರಲ್ಲಿ, ಹಿಟ್ಲರನ ಯಾತನಾ ಶಿಬಿರದಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ಬಂದು ಉದ್ಘಾಟಿಸಿದ್ದು. ಕಲ್ಲಿನ ಗೋಡೆಯಿಂದ ಹೊರಚಾಚಿದ 20 ಚಪ್ಪಡಿಗಳು. ಒಂದೊಂದರ ಮೇಲೂ ಒಂದು ಹೆಸರು, ಸತ್ತ ರೀತಿ, ದಿನಾಂಕ. ಬಾಗಿಲ ಬಳಿಯ ನೆಲದ ಕಲ್ಲುಗಳಲ್ಲಿ ಅವರು ಕೋರ್ಟಿನಲ್ಲಿ ಆಡಿದ ಮಾತು ಕೆತ್ತಿದ್ದಾರೆ. ನಾನು ನಿರಪರಾಧಿ ಅನ್ನುವ ವಾಕ್ಯ ನಡುವೆಯೇ ಗೋಡೆ ಕೆಳಗೆ ಹೋಗಿ ತುಂಡಾಗುತ್ತದೆ. ರೆಬೆಕಾ ನರ್ಸ್ ಅನ್ನುವ ಹೆಸರಿನ ಚಪ್ಪಡಿ ಮೇಲೆ ಒಣಗಿದ ಗುಲಾಬಿ, ಎರಡು ನಾಣ್ಯ, ಒಂದು ಕಪ್ಪೆಚಿಪ್ಪು. ಆಕೆಗೆ 71 ವರ್ಷ. ಮೊದಲು ನಿರ್ದೋಷಿ ಅಂದಿದ್ದ ಪಂಚರನ್ನು ಇನ್ನೊಮ್ಮೆ ಯೋಚಿಸಿ ಅಂತ ಕಳಿಸಿ ತೀರ್ಪು ಬದಲಾಯಿಸಿದರು. "ನನ್ನ ವಯಸ್ಸು" ಅಂದರು ಅತ್ತೆ.

ಇನ್ನೊಂದು ಚಪ್ಪಡಿ ಗೈಲ್ಸ್ ಕೋರಿಯದು. ಎಂಬತ್ತು ದಾಟಿದ್ದ ರೈತ. ತಪ್ಪೊಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ, ಬಾಯೇ ಬಿಡಲಿಲ್ಲ. ಬಾಯಿ ಬಿಡಿಸಲು ಎದೆ ಮೇಲೆ ಕಲ್ಲು ಹೇರಿದರು. ಇನ್ನೂ ಭಾರ ಹಾಕಿ ಅಂದನಂತೆ. ಅದರಲ್ಲೇ ಸತ್ತ. ಈ ಕಥೆಗೆ 2022ರಲ್ಲಿ ಒಂದು ಬಾಲ ಸೇರಿತು. ಶಿಕ್ಷೆಯಾಗಿ ಗಲ್ಲು ತಪ್ಪಿದ್ದ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರು ಮಾತ್ರ ದೋಷಮುಕ್ತರ ಪಟ್ಟಿಯಿಂದ ಬಿಟ್ಟುಹೋಗಿತ್ತು. ನಾರ್ತ್ ಆ್ಯಂಡೋವರ್‌ನ ಎಂಟನೇ ತರಗತಿ ಮಕ್ಕಳು ಹಠ ಹಿಡಿದು ಶಾಸನಸಭೆಯಿಂದ ಅದನ್ನು ಸೇರಿಸಿದರು. ಅಕ್ಕನ ಮಗಳೂ ಈಗ ಎಂಟನೇ ಕ್ಲಾಸು. ಅಕ್ಕ ಮನೆಗೆ ಹೋಗಿ ಅವಳಿಗೆ ಇದನ್ನು ಎರಡು ಸಲ ಹೇಳಿದಳು.

ಶೌಚಾಲಯಕ್ಕೆ ರಸ್ತೆಯಲ್ಲಿ ಅರ್ಧ ಗಂಟೆ ಸಾಲು. ಪೀಬಾಡಿ ಎಸೆಕ್ಸ್ ಮ್ಯೂಸಿಯಂ ಟಿಕೆಟ್ ತಗೊಂಡರೆ ಆ ಕಷ್ಟ ಇಲ್ಲ, ಒಳಗೆ ಬೆಚ್ಚಗೆ, ಖಾಲಿ ಬೇರೆ. ಇದರ ಬೇರು 1799ರದ್ದು. ಪೂರ್ವದ ಕಡೆ ವ್ಯಾಪಾರಕ್ಕೆ ಹೋಗಿ ಬಂದ ಸೇಲಂ ನಾವಿಕರ ಸಂಘ ತಂದಿಟ್ಟ ಸಾಮಾನುಗಳಿಂದ ಶುರುವಾಗಿದ್ದು. 1796ರಲ್ಲಿ ಅಮೆರಿಕಕ್ಕೆ ಮೊದಲ ಆನೆ ತಂದವನೂ ಇದೇ ಊರಿನ ಕ್ಯಾಪ್ಟನ್ ಜೇಕಬ್ ಕ್ರೌನಿನ್‌ಶೀಲ್ಡ್, ಕಲ್ಕತ್ತದಿಂದ. ಭಾರತದ ವಿಭಾಗದಲ್ಲಿ ಎಂ. ಎಫ್. ಹುಸೇನ್ ಅವರ ಚಿತ್ರಗಳೂ ಸಂಗ್ರಹದಲ್ಲಿವೆ. ಅತ್ತೆ ಬೆಂಚಿನ ಮೇಲೆ ಕೂತು ಸಣ್ಣ ನಿದ್ದೆ ತೆಗೆದರು.

ಸಂಜೆ ಮನೆಗೆ ಬಂದ ಕೂಡಲೇ ನೀರು ತುಂಬುವ ಶಾಸ್ತ್ರ. ಹಂಡೆ ಎಲ್ಲಿಂದ ತರೋದು? ಸ್ಟೀಲ್ ಬಕೆಟ್ಟಿಗೆ ರಂಗೋಲಿ ಬಳಿದು, ಬಚ್ಚಲಲ್ಲಿ ಇಟ್ಟು ಪೂಜೆ ಮುಗಿಸಿದೆವು.

ಗುರುವಾರ: ಎರಡು ಹಬ್ಬ

ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಎಲ್ಲರ ತಲೆಗೂ ಎಣ್ಣೆ. ಬಿಸಿನೀರಿನ ಟ್ಯಾಂಕ್ ಚಿಕ್ಕದು, ನಾಲ್ಕನೆಯವನಾದ ಭಾವನಿಗೆ ತಣ್ಣೀರೇ ಗತಿ. ಅದೃಷ್ಟಕ್ಕೆ ಅವತ್ತು ಹವಾಮಾನವೇ ತಲೆಕೆಳಗಾಗಿತ್ತು. ಅಕ್ಟೋಬರ್ ಕೊನೆಯಲ್ಲಿ ಟೀ ಶರ್ಟ್ ಸಾಕು ಅನ್ನುವಷ್ಟು ಸೆಕೆ. ಮಳೆ ಇಲ್ಲದೆ ಮ್ಯಾಸಚೂಸೆಟ್ಸ್‌ನಲ್ಲಿ ಅಲ್ಲಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು, ಗಾಳಿಯಲ್ಲಿ ಸಣ್ಣಗೆ ಹೊಗೆ ವಾಸನೆ.

ಮಧ್ಯಾಹ್ನ ಕುಂಬಳಕಾಯಿ ಕೊರೆಯುವ ಕೆಲಸ. ಅಕ್ಕನ ಮಗಳು ಚಾಕು ಎತ್ತಿದಳು, ಅತ್ತೆ ತಡೆದರು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು. ಹುಡುಗಿ ವಾದಕ್ಕೆ ನಿಂತಳು, ಅವಳ ಮಾತು ಸರಿಯೇ ಇತ್ತು. ಕೊನೆಗೆ ಭಾವ ಒಂದು ಗೀರು ಎಳೆದು ರಾಜಿ ಮಾಡಿಸಿದರು, ಉಳಿದಿದ್ದೆಲ್ಲ ಅವಳೇ ಕೊರೆದಳು. ಕಣ್ಣು, ಮೂಗು, ಹಲ್ಲು ಮೂಡಿ ಒಳಗೆ ದೀಪ ಇಟ್ಟ ಮೇಲೆ ಅತ್ತೆಗೆ ಅರ್ಥವಾಯಿತು. ಊರಲ್ಲಿ ಹೊಸ ಮನೆಗೆ ದೃಷ್ಟಿ ಆಗದಿರಲಿ ಅಂತ ರಾಕ್ಷಸನ ಮುಖ ಬರೆದು ಬೂದುಗುಂಬಳ ನೇತುಹಾಕುತ್ತಾರಲ್ಲ. ಒಳಗಿನ ತಿರುಳು ಬಿಸಾಡಲು ಬಿಡದೆ ಪಲ್ಯ ಮಾಡಿದರು. ಸಪ್ಪೆಯೋ ಸಪ್ಪೆ. ಕೊರೆಯುವ ಕಾಯಿ ಬರೀ ನೀರು, ಅಡುಗೆಗೆ ಸಣ್ಣ ಸಿಹಿ ಕುಂಬಳವೇ ಬೇಕು. ಬೀಜ ಮಾತ್ರ ಉಪ್ಪು ಖಾರ ಹಾಕಿ ಹುರಿದರೆ ಚೆನ್ನಾಗಿರುತ್ತದೆ.

ಆರು ಗಂಟೆ ಅಂದರೆ ಕತ್ತಲು. ಹೊಸ್ತಿಲಲ್ಲಿ ರಂಗೋಲಿ, ಹಣತೆ, ಪಕ್ಕದಲ್ಲಿ ಹಲ್ಲು ಕಿರಿದ ಕುಂಬಳಕಾಯಿ. ಒಳಗೆ ಲಕ್ಷ್ಮೀ ಅಷ್ಟೋತ್ತರ ನಡೆಯುತ್ತಿದ್ದಾಗಲೇ ಬಾಗಿಲ ಗಂಟೆ ಶುರು. ಇಲ್ಲಿ ಅಲಿಖಿತ ನಿಯಮ ಇದೆ: ಜಗಲಿಯ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು, ಆರಿದ್ದರೆ ಬರಬಾರದು. ಹಬ್ಬದ ದಿನ ದೀಪ ಆರಿಸಲು ಅತ್ತೆ ಬಿಡುತ್ತಾರಾ? ಹಣತೆಗಳ ಸಾಲು ನೋಡಿ ಇಡೀ ಬೀದಿಯ ಮಕ್ಕಳು ನಮ್ಮ ಕಡೆಗೇ ಬಂದರು. ಮೊದಲ ಡೈನೋಸಾರ್‌ನ ಬಾಲಕ್ಕೆ ರಂಗೋಲಿ ಅರ್ಧ ಅಳಿಸಿತು.

ಪೂಜೆ ಮುಗಿದದ್ದೇ ಅತ್ತೆ ಕ್ಯಾಂಡಿ ಬುಟ್ಟಿ ವಶಪಡಿಸಿಕೊಂಡರು. ಎರಡೂ ಕೈ ತುಂಬಾ ಕೊಡುತ್ತಿದ್ದರು. ಕೋಡುಬಳೆಯೂ ಕೊಡ್ತೀನಿ ಅಂತ ಡಬ್ಬಿ ತಂದಾಗ ಅಕ್ಕ ಓಡಿಬಂದಳು. ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಕೊಡುವ ಹಾಗಿಲ್ಲ, ಪೊಟ್ಟಣ ಕಟ್ಟಿದ್ದೇ ಆಗಬೇಕು. ತಂದೆ ತಾಯಿ ಬೇರೆಯದನ್ನು ತಿನ್ನಲು ಬಿಡುವುದಿಲ್ಲ. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿಗೆ ತಿಂಡಿ ಬದಲು ಪುಟ್ಟ ಆಟಿಕೆ ಕೊಡುವ ಮನೆಯವರು ಹಸಿರುನೀಲಿ ಬಣ್ಣದ ಕುಂಬಳಕಾಯಿ ಇಡುತ್ತಾರೆ. ಎದುರು ಮನೆಯಲ್ಲಿ ಒಂದು ಇತ್ತು.

"ಇದರಲ್ಲಿ ಹೊಸದೇನಿದೆ ಮಾರಾಯ್ತಿ? ನಮ್ಮ ಅಂಟಿಗೆ ಪಂಟಿಗೆಯವ್ರು ಬರ್ತಾರಲ್ಲ" ಅಂದರು ಅತ್ತೆ ಪುರುಸೊತ್ತಾದಾಗ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ದೀಪ ಹಿಡಿದು, ಪದ ಹಾಡುತ್ತ, ಮನೆಯಿಂದ ಮನೆಗೆ ಹೋಗುವ ತಂಡ ಅದು. ಅಕ್ಕಿ, ಕಾಯಿ, ಹೋಳಿಗೆ, ದುಡ್ಡು ಕೊಟ್ಟು ಕಳಿಸುತ್ತಾರೆ. ಅವರು ಹಾಡುತ್ತಾರೆ, ಇಲ್ಲಿಯ ಮಕ್ಕಳು ಹಾಡುವುದಿಲ್ಲ, ಅಷ್ಟೇ ವ್ಯತ್ಯಾಸ. ದೀಪಾವಳಿಯದ್ದೇ ಬೂರೆ ಹಬ್ಬದ ರಾತ್ರಿ ಹುಡುಗರು ಪಕ್ಕದ ತೋಟದಿಂದ ಎಳನೀರು, ಮೊಗೆಕಾಯಿ ಕದಿಯುವ ಕಥೆಯೂ ಬಂತು. ಮಾವನವರು ತಮ್ಮದೇ ಹಿತ್ತಲಿನ ಬಾಳೆಗೊನೆಯನ್ನು ಕತ್ತಲಲ್ಲಿ ಪಕ್ಕದವರದ್ದು ಅಂತ ಕದ್ದು ತಂದಿದ್ದರಂತೆ. ಭಾವನ ಎದುರು ತನ್ನಪ್ಪನ ಮಾನ ಹೋಯಿತು ಅಂತ ಗಂಡ ಗೊಣಗಿದ.

ಎಂಟು ಗಂಟೆಗೆ ಕ್ಯಾಂಡಿ ಖಾಲಿ. ಮಕ್ಕಳು ಖಾಲಿ ಆಗಿರಲಿಲ್ಲ. ಭಾವ ಒಳಗೆ ಹೋಗಿ ಒಂದು ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ ಏನೋ ಬರೆದು ತಂದು ಬಾಗಿಲಿಗೆ ಅಂಟಿಸಿದರು. 'ನಾಳೆ ಬಾ.' ನಾವು ಚಿಕ್ಕವರಿದ್ದಾಗ ರಾತ್ರಿ ಹೊತ್ತು ಬಂದು ಹೆಸರು ಹಿಡಿದು ಕರೆಯುವ ದೆವ್ವಕ್ಕೆ ಅಂತ ಬೆಂಗಳೂರಿನ ಬಾಗಿಲು ಬಾಗಿಲ ಮೇಲೂ ಇದೇ ಬರೆದಿರುತ್ತಿದ್ದರು. ಅಕ್ಕ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತಳು.

ಮರುಕ್ಷಣವೇ ಗಂಟೆ. ಅಸ್ಥಿಪಂಜರದ ವೇಷದ ಇಬ್ಬರು ಹುಡುಗರು. ಒಬ್ಬ ಕಾಗದ ತೋರಿಸಿ ಇದೇನು ಅಂತ ಕೇಳಿದ. ಭಾವ ವಿವರಿಸಿದರು, ದೆವ್ವ ಇದನ್ನು ಓದಿ ವಾಪಸ್ ಹೋಗುತ್ತೆ ಅಂತ. "ನಮಗೆ ಓದೋಕೆ ಬರಲ್ಲವಲ್ಲ" ಅಂದ ಅವನು. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅತ್ತೆ ಫ್ರಿಜ್ಜಿನ ಹಿಂದಿದ್ದ ಪಾರ್ಲೆ ಜಿ ಪೊಟ್ಟಣ ಎರಡು ಹುಡುಕಿ ತಂದು ಅವರ ಚೀಲಕ್ಕೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಹೊರಡುವ ಮುಂಚೆ ಅಂಗಡಿಗೆ ಹೋದೆವು. ನವೆಂಬರ್ 1ಕ್ಕೆ ಹಾಲೊವೀನ್ ಕ್ಯಾಂಡಿ ಅರ್ಧ ಬೆಲೆಗೆ ಸಿಗುತ್ತದೆ, ಊರಿಗೆ ಒಯ್ಯುವವರು ಅವತ್ತೇ ಕೊಂಡುಕೊಳ್ಳಿ. ಅತ್ತೆ ಮೂರು ದೊಡ್ಡ ಚೀಲ ತಗೊಂಡರು, ಜೊತೆಗೆ ಒಂದು ಡಜನ್ ಪೆನ್ಸಿಲ್.